ಸಿರಿಮನೆಯಲ್ಲಿ ಉಟ್ಟ ಸೀರೆ

೯ ನವೆಂಬರ್ ೧೯೪೩, ಮಂಗಳವಾರ

ಬೆಳಿಗ್ಗೆಯಿಂದ ತೊಗರಿಬೇಳೆ ಆರಿಸಿದ್ದೇ ಆರಿಸಿದ್ದು. ಬೇಳೆ ಹೆಚ್ಚೋ ಕಲ್ಲು ಹೆಚ್ಚೋ ಶಿವನೇ ಬಲ್ಲ. ಯುದ್ಧದ ಕಾಲ, ಸಿಕ್ಕಿದ್ದನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನುತ್ತಾನೆ ಅಣ್ಣ. ಎಡೇಹಳ್ಳಿ ಪೇಟೆಯಲ್ಲಿ ನಮ್ಮಣ್ಣ ವೀರಪ್ಪನ ಜೀನಸಿನ ಅಂಗಡಿ ಅಂದರೆ ಹೆಸರಿದೆಯಂತೆ. ಹೆಸರು ಅವನಿಗೆ, ಮೊರ ನಮಗೆ. ಅತ್ತಿಗೆ ಸರ್ವಮಂಗಳಾ ಸಿಟ್ಟು ಬಂದಾಗ ಮೊರ ಕುಕ್ಕಿ ಎದ್ದು ಹೋಗುತ್ತಾಳೆ. ನಾನು ಕುಕ್ಕುವ ಹಾಗಿಲ್ಲ — ಗಂಡ ಸತ್ತು ತವರಿಗೆ ಬಂದು ಕೂತವಳು.

ಮಧ್ಯಾಹ್ನ ಊಟಕ್ಕೆ ಬಂದ ಅಣ್ಣ ಅನ್ನ ಕಲಸುತ್ತ ಹೇಳಿದ. "ದಾಕ್ಷಾಯಣಿ, ಬಾಳೆಹೊನ್ನೂರಿನ ವೃಷಭೇಂದ್ರಪ್ಪನವರು ಒಪ್ಪಿದಾರೆ. ಕಾರ್ತಿಕ ಕಳೀಲಿ, ಉಡಿಕೆ ಮಾಡಿ ಕಳಿಸ್ತೀನಿ."

ಒಪ್ಪಿದಾರೆ! ನನ್ನನ್ನು ಕೇಳಿದವರು ಯಾರು? ಒಳ್ಳೆಯವರೇ ಇರಬಹುದು. ಕಾಫಿ ತೋಟ, ಗದ್ದೆ, ಕೊಟ್ಟಿಗೆ ತುಂಬ ದನ. ಹಿರಿಯ ಮಗಳು ನನಗಿಂತ ದೊಡ್ಡವಳು. ಅವರು ಕೆಮ್ಮಿದರೆ ಬೀದಿಯ ಕೊನೆಗೆ ಕೇಳಿಸುತ್ತದೆ.

ಉಡಿಕೆ ಅಂದರೆ ನನಗೆ ಪಕ್ಕದ ಬೀದಿಯ ಯಮುನಮ್ಮನ ನೆನಪು. ಗಂಡ ಸತ್ತವಳಿಗೆ ಎರಡನೇ ಸಲ ಚಪ್ಪರ ಇಲ್ಲ, ವಾಲಗ ಇಲ್ಲ. ಗಂಡಸು ಹೊಸ ಸೀರೆ ಕೊಟ್ಟ, ಅವಳು ಉಟ್ಟಳು, ಅಷ್ಟಕ್ಕೆ ಗಂಡ ಹೆಂಡತಿ. ಅದೂ ಊರು ಮಲಗಿದ ಮೇಲೆ, ಹಿತ್ತಲ ಕೋಣೆಯಲ್ಲಿ, ದೀಪ ಸಣ್ಣ ಮಾಡಿ. ಮುತ್ತೈದೆಯರು ನೋಡಬಾರದು. ನಿಂತು ಮಾಡಿಸುವವರೂ ಗಂಡನಿಲ್ಲದ ಹೆಂಗಸರೇ. ಯಮುನಮ್ಮನನ್ನು ಬೆಳಗಾಗುವುದರೊಳಗೆ ಗಾಡಿ ಹತ್ತಿಸಿದರು, ಕಂಟ್ರೋಲಿನ ಅಕ್ಕಿ ಕದ್ದು ಸಾಗಿಸುವ ಹಾಗೆ.

ನನಗೆ ಸಂಸಾರ ಬೇಡ ಅಂತಲ್ಲ. ಕದ್ದ ಅಕ್ಕಿಯಾಗುವುದು ಬೇಡ. ಯಾರಿಗೆ ಹೇಳುವುದು? ಬೇಳೆಗೆ ಹೇಳಿದೆ.

೧೧ ನವೆಂಬರ್, ಗುರುವಾರ

ಶಾಂತವೀರಪ್ಪನವರು ಬಂದಿದ್ದರು. ಸಂತೆಯಿಂದ ಸಂತೆಗೆ ತಿರುಗಿ ಬಟ್ಟೆ ಮಾರುವವರು. ಗಂಟನ್ನು ನಮ್ಮ ಅಂಗಡಿಯ ಮೂಲೆಯಲ್ಲಿ ಇಟ್ಟು ಊಟಕ್ಕೆ ಹೋಗುತ್ತಾರೆ. ನಮ್ಮ ಪೈಕಿಯವರೇ. ಹೆಂಡತಿ ತೀರಿಕೊಂಡಿದ್ದಾಳೆ. ಕಿವಿ ಸ್ವಲ್ಪ ದೊಡ್ಡವು. ನಕ್ಕರೆ ಹಣೆಯ ವಿಭೂತಿ ಬಿರುಕು ಬಿಡುತ್ತದೆ. ಇದನ್ನೆಲ್ಲ ನಾನು ಯಾಕೆ ನೋಡಬೇಕು... ಕಣ್ಣಿದೆ, ನೋಡಿದೆ.

ಈ ಸಲ ಕಿಗ್ಗದ ಕಡೆ ಹೊರಟಿದ್ದಾರಂತೆ. ಅಲ್ಲಿ ಸಿರಿಮನೆ ಅಂತ ಹಳ್ಳಿ, ಹಳ್ಳಿಯಾಚೆ ಕಾಡಿನೊಳಗೆ ಒಂದು ಅಬ್ಬಿ. ಬಂಡೆಯ ನೆತ್ತಿಯಿಂದ ನೀರು ಧುಮುಕುತ್ತದಂತೆ. "ಅಲ್ಲಿ ನಿಂತು ಮಾತಾಡಿದ್ರೆ ಪಕ್ಕದಲ್ಲಿರೋರಿಗೂ ಕೇಳ್ಸಲ್ಲ" ಅಂದರು. "ಹಾಗಾದ್ರೆ ನಮ್ಮ ಕಲ್ಲಮ್ಮತ್ತೆ ಬಾಯಿ ಅಲ್ಲಿ ನಡೆಯಲ್ಲ" ಅಂದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಶಾಂತವೀರಪ್ಪನವರು ನಗು ತಡೆಯಲು ಗಂಟು ಬಿಚ್ಚಿ ಮತ್ತೆ ಕಟ್ಟಿದರು.

ಅತ್ತೆ ಅಂದರೆ ಅಪ್ಪನ ಅಕ್ಕ. ಅವರೂ ನನ್ನ ಹಾಗೆ ಗಂಡನಿಲ್ಲದವರು, ಆದರೆ ಈ ಮನೆಯಲ್ಲಿ ಅವರ ಮಾತೇ ಮಾತು. "ಕಾರ್ತಿಕ ಸೋಮವಾರ ಕಿಗ್ಗದ ಋಷ್ಯಶೃಂಗನ ದರ್ಶನ ಮಾಡ್ಬೇಕು ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ ವೀರಪ್ಪ. ಕರ್ಕೊಂಡು ಹೋಗೋ ಪುಣ್ಯಾತ್ಮ ಒಬ್ಬನಿಲ್ಲ" ಅಂದರು. ಅಣ್ಣ ಅಂಗಡಿ ಬಿಟ್ಟು ಬರುವ ಪೈಕಿಯಲ್ಲ. ಆದರೆ ಸಿರಿಮನೆಯ ಹೂವಪ್ಪಗೌಡರು ನಮ್ಮ ಅಂಗಡಿಗೆ ಮೆಣಸು, ಏಲಕ್ಕಿ ತಂದು ಹಾಕುವವರು. ಅವರ ಮನೆಯಲ್ಲಿ ಇಳಿದುಕೊಳ್ಳಬಹುದು, ದಾರಿಗೆ ಶಾಂತವೀರಪ್ಪನವರು ಇದ್ದಾರೆ, ಅತ್ತಿಗೆಯೂ ಹೋಗಲಿ ಅಂತಾಯಿತು.

"ನೀನೂ ನೋಡ್ಕೊಂಡು ಬಾ. ಬಾಳೆಹೊನ್ನೂರಿಗೆ ಹೋದ್ಮೇಲೆ ಇದೆಲ್ಲ ಎಲ್ಲಿ ಆಗುತ್ತೆ" ಅಂದ ಅಣ್ಣ. ಶಾಂತವೀರಪ್ಪನವರು ಒಮ್ಮೆ ನನ್ನ ಕಡೆ ನೋಡಿದರು.

ಅಡಿಗೆಮನೆಗೆ ಹೋಗಿ ಒಬ್ಬಳೇ ಕುಣಿದೆ. ಬೆಕ್ಕು ಎದ್ದು ಹೊರಗೆ ಹೋಯಿತು.

೧೪ ನವೆಂಬರ್, ಭಾನುವಾರ. ಶೃಂಗೇರಿ

ಇದ್ದಿಲು ಗ್ಯಾಸಿನ ಬಸ್ಸು! ಪೆಟ್ರೋಲು ಸಿಪಾಯಿಗಳಿಗೆ, ಇದ್ದಿಲು ನಮಗೆ. ಬೆನ್ನಿಗೆ ಒಲೆ ಕಟ್ಟಿಕೊಂಡು ಓಡುವ ಬಸ್ಸನ್ನು ಇವತ್ತೇ ಹತ್ತಿದ್ದು. ಓಡುವುದೇನು ಬಂತು — ಏರು ಸಿಕ್ಕಿದರೆ ಗಂಡಸರು ಇಳಿದು ತಳ್ಳಬೇಕು. ಕೊಪ್ಪ ದಾಟಿದ ಮೇಲೆ ಹೆಂಗಸರೂ ಇಳಿಯಿರಿ ಅಂದ ಕಂಡಕ್ಟರ್. ಅತ್ತೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ಟಿಕೇಟು ತಗೊಂಡಿರೋದು ಕೂರೋಕೆ." ಬಸ್ಸನ್ನೂ ಅತ್ತೆಯನ್ನೂ ಸೇರಿಸಿಯೇ ತಳ್ಳಿದೆವು.

ಶಾಂತವೀರಪ್ಪನವರ ಮುಖಕ್ಕೆಲ್ಲ ಮಸಿ. ದಾರಿಯುದ್ದಕ್ಕೂ ನಕ್ಕೆ. ಶೃಂಗೇರಿಯಲ್ಲಿ ಇಳಿದಾಗ ಗೊತ್ತಾಯಿತು, ನನ್ನ ಮುಖವೂ ಹಾಗೇ ಇತ್ತು. ಯಾರೂ ಹೇಳಿರಲಿಲ್ಲ.

ತುಂಗೆಯ ಮೆಟ್ಟಿಲಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿದೆ. ಎಂಥ ಮೀನು! ನಾಚಿಕೆಯಿಲ್ಲದೆ ಬಾಯಿ ತೆರೆದು ಮೇಲೆ ಬರುತ್ತವೆ.

೧೫ ನವೆಂಬರ್, ಸೋಮವಾರ. ಸಿರಿಮನೆ

ಎತ್ತಿನಗಾಡಿಯಲ್ಲಿ ಕಿಗ್ಗ. ದೇವಸ್ಥಾನದಲ್ಲಿ ಕಾರ್ತಿಕದ ದೀಪ. ಮಳೆ ಬೇಕಾದವರೂ ಬೇಡವಾದವರೂ ಇದೇ ದೇವರನ್ನು ಕೇಳಿಕೊಳ್ಳುವುದಂತೆ. ಪಾಪ, ದೇವರಿಗೆ ಎಷ್ಟು ಪೇಚಾಟ. ನಾನೇನು ಕೇಳಿದೆ ಅಂತ ಬರೆಯುವುದಿಲ್ಲ.

ಹೂವಪ್ಪಗೌಡರ ಹೆಂಡತಿ ಗಿರಿಯಮ್ಮ ಬಾಗಿಲಲ್ಲೇ ಕೈ ಹಿಡಿದುಕೊಂಡರು. ದೊಡ್ಡ ದನಿ, ದೊಡ್ಡ ನಗು. ಅತ್ತೆ ಬೇರೆಯವರ ಒಲೆಯದ್ದು ಉಣ್ಣುವುದಿಲ್ಲ ಅಂತ ಗೊತ್ತಾದದ್ದೇ ಅಂಗಳದಲ್ಲಿ ಹೊಸ ಒಲೆ ಹೂಡಿ, ಹೊಸ ಮಡಕೆ ಕೊಟ್ಟರು. ಬೇಜಾರೇ ಇಲ್ಲ. "ನೀವು ಅಡಿಗೆ ಮಾಡಿ, ನಾನು ನಿಮ್ಮ ಹತ್ರ ಕೂತು ಪಟ್ಟಾಂಗ ಹೊಡೀತೆ" ಅಂದರು.

ಅತ್ತೆಯ ಅಪ್ಪಣೆ: "ನಾಳೆ ಅಬ್ಬಿ ನೋಡೋದು, ಬರೋದು. ನೀರಿಗೆ ಇಳಿಯೋ ಮಾತಿಲ್ಲ." ಬದಲು ಸೀರೆಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದರು.

೧೬ ನವೆಂಬರ್, ಮಂಗಳವಾರ. ಸಂಜೆ

ಮೊದಲಿನಿಂದ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಹೂವಪ್ಪಗೌಡರು ಮುಂದೆ, ಕತ್ತಿಯಲ್ಲಿ ಬಳ್ಳಿ ಸವರುತ್ತ. ಹಿಂದೆ ಗಿರಿಯಮ್ಮ, ನಾವು ಮೂವರು. ಕಡೆಗೆ ಗಂಟು ಹೊತ್ತ ಶಾಂತವೀರಪ್ಪನವರು — ಅಬ್ಬಿ ನೋಡಿ ಹಾಗೇ ಆಚೆ ಹಳ್ಳಿಗಳಿಗೆ ವ್ಯಾಪಾರಕ್ಕೆ ಹೋಗುವವರು. ಕಾಡಿನೊಳಗೆ ಬಿಸಿಲೇ ಇಲ್ಲ. ಉಂಬಳ ಕಾಲಿಗೆ ಹತ್ತಿ ರಕ್ತ ಕುಡಿದದ್ದೂ ಗೊತ್ತಾಗುವುದಿಲ್ಲ. ಗಿರಿಯಮ್ಮ ಸುಣ್ಣ ಮುಟ್ಟಿಸಿ ಬೀಳಿಸುತ್ತಿದ್ದರು. ಅತ್ತಿಗೆ ಒಂದೊಂದು ಉಂಬಳಕ್ಕೆ ಒಂದೊಂದು ದೇವರನ್ನು ಕೂಗಿದಳು.

ಮೊದಲು ಸದ್ದು ಬಂತು. ಆಮೇಲೆ ಗಾಳಿ — ತಣ್ಣಗೆ, ಹನಿ ಹನಿ. ತಿರುವು ದಾಟಿದೆವು...

ಬರೆಯಲು ಬರುವುದಿಲ್ಲ ನನಗೆ. ಬೆಳ್ಳಗೆ. ಮೇಲಿನಿಂದ ಕೆಳಗಿನ ತನಕ ಬೆಳ್ಳಗೆ. ಮೊಸರು ಕಡೆಯುವಾಗ ಮಡಕೆಯ ಕಂಠಕ್ಕೆ ನೊರೆ ಏರುತ್ತದಲ್ಲ, ಆ ಬಿಳುಪು. ಅಲ್ಲಿ ಮಾತ್ರ ಮರಗಳು ಬಿಟ್ಟುಕೊಟ್ಟಿವೆ, ಧಾರಾಳ ಬಿಸಿಲು. ನೀರಿನ ಹೊಗೆಯಲ್ಲಿ ಕಾಮನಬಿಲ್ಲು. ನಾನು ಏನೋ ಕೂಗಿದೆ. ಏನು ಕೂಗಿದೆನೋ ನನಗೇ ಕೇಳಿಸಲಿಲ್ಲ. ಗಂಡ ಹೋದ ಮೇಲೆ ನಾನು ಜೋರಾಗಿ ಕೂಗಿದ್ದೇ ಇಲ್ಲ. ಇನ್ನೊಂದು ಸಲ ಕೂಗಿದೆ. ಎಷ್ಟು ಸುಖ ಅದು!

ನೀರಿಗೆ ಇಳಿಯಬಾರದು ಅಂದವರೇ ಮೊದಲು ಇಳಿದರು. ಅತ್ತೆ ನನ್ನ ಕಿವಿಗೆ ಬಾಯಿಟ್ಟು ಅರಚಿದರು: "ಇಂಥಾ ನೀರಿನ ಎದುರು ಲಿಂಗಪೂಜೆ ಮಾಡದೆ ಹೋದ್ರೆ ಶಿವ ಮೆಚ್ಚಲ್ಲ ಕಣೇ! ಪೂಜೆಗೆ ಮುಂಚೆ 
ಸ್ನಾನ ಆಗ್ಬೇಕಲ್ಲ!" ಉಟ್ಟ ಸೀರೆಯಲ್ಲೇ ನಡೆದುಬಿಟ್ಟರು. ನಾನು ಬಿಡುತ್ತೇನೆಯೇ? ಗಂಡಸರು ಕೆಳಗಿನ ಬಂಡೆಯ ಮರೆಗೆ ಹೋದರು. ನೀರಿನ ಕೆಳಗೆ ತಲೆ ಕೊಟ್ಟರೆ ಯಾರೋ ನೆತ್ತಿಗೆ ಗುದ್ದಿದ ಹಾಗೆ. ಉಸಿರು ಸಿಗಲಿಲ್ಲ. ಅತ್ತೆಯೂ ನಾನೂ ಕೈ ಕೈ ಹಿಡಿದುಕೊಂಡು ನಕ್ಕೆವು, ನಕ್ಕೆವು. ಅತ್ತೆಗೆ ಹಾಗೆ ನಗಲು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅತ್ತೆ ಬಂಡೆಯ ಮೇಲೆ ಒದ್ದೆಯಲ್ಲೇ ಕೂತು ಪೂಜೆ ಮುಗಿಸಿದರು. ಆಮೇಲೆ ಹತ್ತಿಕೊಂಡಿತು ಚಳಿ. ಹಲ್ಲು ಕಟಕಟ. ಸೀರೆಗಳು ಟ್ರಂಕಿನಲ್ಲಿ, ಟ್ರಂಕು ಗೌಡರ ಮನೆಯಲ್ಲಿ. ಅತ್ತಿಗೆ ಬಂಡೆಯ ಅಂಚಿಗೆ ಹೋಗಿ ಕೂಗಿದಳು. "ಶಾಂತವೀರಪ್ಪನವರೇ, ಗಂಟಲ್ಲಿ ಸೀರೆ ಇದ್ರೆ ಕೊಡಿ! ಇವರಿಬ್ಬರೂ ಚಳೀಲಿ ಸೆಟೆದು ಹೋಗ್ತಾರೆ!"

ಬಂದರು. ಹಿಂದೆ ಗೌಡರೂ ಬಂದರು. ಶಾಂತವೀರಪ್ಪನವರು ಗಂಟು ಬಿಚ್ಚಿದರು. ಅತ್ತೆ ಯಾರಿಗೂ ಕಾಯದೆ ಬಗ್ಗಿ ಒಂದು ಒರಟು ಚೌಕುಳಿ ಸೀರೆ ಎಳೆದುಕೊಂಡು ಮರೆಗೆ ನಡೆದರು. ಆಮೇಲೆ ನನ್ನ ಸರದಿ. ಮೇಲೆಯೇ ಒಂದು ಬಿಳಿ ಸೀರೆ ಇತ್ತು. ಅದನ್ನು ಸರಿಸಿದರು. ಅದರ ಕೆಳಗಿನದನ್ನೂ ಸರಿಸಿದರು. ತಳಕ್ಕೆ ಕೈ ಹಾಕಿ ಹಸಿರು ಸೀರೆ ತೆಗೆದರು, ಕೆಂಪು ಅಂಚಿನದು. ಬಟ್ಟೆಯೇ ಸಿಗದ ಈ ದಿನಗಳಲ್ಲಿ ಯಾವ ಮದುವಣಗಿತ್ತಿಗೆ ಎತ್ತಿಟ್ಟಿದ್ದರೋ. ನೀಡಿದರು. ನಾನು ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಉಟ್ಟೆ. ಬಿಸಿಲಿಗೆ ಬಂದು ನಿಂತೆ.

ಗಿರಿಯಮ್ಮ ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯಯ್ಯೋ, ಎಂತ ಮಾಡಿದ್ರಿ ಮಾರಾಯ್ರೆ! ಗಂಡಸಿನ ಕೈಯಿಂದ ಹೊಸ ಸೀರೆ ಇಸ್ಕೊಂಡು ಉಟ್ಟಾಯ್ತಲ್ಲ! ಇದಕ್ಕೆ ನಿಮ್ಮಲ್ಲಿ ಎಂತ ಹೇಳ್ತಾರೆ?"

ಎಂತ ಹೇಳುತ್ತಾರೆ! ಅತ್ತಿಗೆ ಥಟ್ಟನೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಮುತ್ತೈದೆ ಉಡಿಕೆ ನೋಡಬಾರದಲ್ಲ. "ನಾನು ನೋಡ್ಲಿಲ್ಲ! ಶಿವನಾಣೆ ನಾನೇನೂ ನೋಡ್ಲಿಲ್ಲ!" ಗೌಡರು ನಕ್ಕ ನಗುವಿಗೆ ಕೈಯಲ್ಲಿದ್ದ ಕತ್ತಿ ಬಿತ್ತು. ಅತ್ತೆ ಕಲ್ಲಿನ ಹಾಗೆ ನಿಂತರು. ಶಾಂತವೀರಪ್ಪನವರ ಕಿವಿ ಕೆಂಡ. ತುಟಿ ಅಲ್ಲಾಡಿತು, ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಗಂಟನ್ನು ಅರ್ಧ ಕಟ್ಟಿ ಹೆಗಲಿಗೆ ಹಾಕಿ ಆಚೆ ಹಳ್ಳಿಯ ದಾರಿ ಹಿಡಿದರು. ಒಂದು ಪಂಚೆಯ ಅಂಚು ಹಿಂದೆ ಎಳೆದುಕೊಂಡು ಹೋಗುತ್ತಿತ್ತು.

ನನಗೆ ಹೆದರಿಕೆಯಾಗಬೇಕಿತ್ತು. ನಾಚಿಕೆಯಾದರೂ ಆಗಬೇಕಿತ್ತು. ಆದದ್ದು ಸಂತೋಷ. ಬರೀ ಸಂತೋಷ. ನಡುಮಧ್ಯಾಹ್ನ, ಅಷ್ಟು ಬೆಳಕಿನಲ್ಲಿ!

೧೮ ನವೆಂಬರ್, ಗುರುವಾರ. ಎಡೇಹಳ್ಳಿ

ಅತ್ತಿಗೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕಾಲು ತೊಳೆಯುವ ಮೊದಲೇ ಅಣ್ಣನಿಗೆ ಎಲ್ಲ ಹೇಳಿದಳು. ನೋಡಿಲ್ಲ ಅಂದವಳು ಸೀರೆಯ ಅಂಚಿನ ಸಮೇತ ಹೇಳಿದಳು.

ಅಣ್ಣ ಕೂಗಾಡಿದ. "ಮಾತು ಕೊಟ್ಟಿದೀನಲ್ಲೇ! ಬಾಳೆಹೊನ್ನೂರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?" ಆಮೇಲೆ: "ಉಟ್ಟಾಯ್ತಲ್ಲ, ಆ ಶಾಂತವೀರಪ್ಪನೇ ಬಂದು ಕರ್ಕೊಂಡು ಹೋಗ್ಲಿ!"

ಸಿಟ್ಟಿನಲ್ಲಿ ಅಂದದ್ದು. ನನಗೆ ಆಶೀರ್ವಾದದ ಹಾಗೆ ಕೇಳಿಸಿತು.

೨೨ ನವೆಂಬರ್, ಸೋಮವಾರ

ಅತ್ತಿಗೆ ಬಸ್ಸಿನಲ್ಲೂ ಹೇಳಿಕೊಂಡು ಬಂದಿದ್ದಳು. ಕಂಡಕ್ಟರ್ ಬಾಯಿಂದ ಸುದ್ದಿ ಅಣ್ಣನಿಗಿಂತ ಮುಂಚೆ ಬಾಳೆಹೊನ್ನೂರು ಮುಟ್ಟಿದೆ. ವೃಷಭೇಂದ್ರಪ್ಪನವರು ಹೇಳಿ ಕಳಿಸಿದ್ದಾರೆ: ಇನ್ನೊಬ್ಬರ ಸೀರೆ ಉಟ್ಟವಳು ನಮಗೆ ಬೇಡ.

ಪಾತ್ರೆ ತೊಳೆಯುತ್ತ ಹಾಡಿದೆ. ಅತ್ತೆ ಗದರಲಿಲ್ಲ. ಶಾಂತವೀರಪ್ಪನವರು ಬೀರೂರಿಗೆ ಹೋಗಿದ್ದಾರಂತೆ, ಮಾಲು ತರಲು.

೨೭ ನವೆಂಬರ್, ಶನಿವಾರ

ಅಮಾವಾಸ್ಯೆ. ಕಾರ್ತಿಕ ಮುಗಿಯಿತು. ಬರಲಿಲ್ಲ.

೩೦ ನವೆಂಬರ್

ಕೊಪ್ಪದಲ್ಲಿ ಕಂಡರಂತೆ. ಕೊಪ್ಪದ ತನಕ ಬಂದವರಿಗೆ ಎಡೇಹಳ್ಳಿ ದೂರವೇ? ಚಳಿ ಅಂತ ಕೊಟ್ಟರು, ಅಷ್ಟೇ ಇರಬೇಕು. ನಾನೇ ಏನೇನೋ... ಇವತ್ತು ಬೇಳೆ ಆರಿಸುವಾಗ ಕಲ್ಲು ಬಿಟ್ಟು ಬೇಳೆ ಎಸೆದೆ.

೩ ಡಿಸೆಂಬರ್, ಶುಕ್ರವಾರ

ಅಣ್ಣ ಅತ್ತೆಯ ಎದುರು ಕೂತ. "ಅವನು ಬರೋ ಹಾಗೆ ಕಾಣ್ಸಲ್ಲ. ನೀವೇ ಹೇಳಿ ಅತ್ತೆ, ಇದನ್ನ ಉಡಿಕೆ ಅಂತ ಹಿಡೀಬೇಕೋ ಬಿಡಬೇಕೋ?"

ಅತ್ತೆ ನನ್ನನ್ನು ಪಾರು ಮಾಡಲೆಂದೇ ಹೇಳಿದರು. "ಅದೇ ಗಂಟಿನ ಸೀರೆ ನಾನೂ ಉಟ್ಟಿದ್ದೆ ಕಣೋ. ಅದು ಉಡಿಕೆ ಅಂದ್ರೆ ನಂಗೂ ಆಗಿ ಹೋಯ್ತು. ನಡಿ, ನನ್ನೂ ಕಳಿಸು ಅವನ ಜೊತೆ!"

ಅಣ್ಣನ ಬಾಯಿ ತೆರೆದೇ ಉಳಿಯಿತು. ಅತ್ತಿಗೆ ಸೆರಗು ಬಾಯಿಗೆ ತುರುಕಿಕೊಂಡಳು. ನಾನೂ ನಕ್ಕೆ. ಅಣ್ಣನೂ ನಕ್ಕ, ಮೈಮೇಲಿನ ಭಾರ ಇಳಿದವನ ಹಾಗೆ. "ಸರಿ ಬಿಡಿ, ಏನೂ ಆಗಿಲ್ಲ ಅಂತಾಯ್ತು. ನಾಳೆ ಬಾಳೆಹೊನ್ನೂರಿಗೆ ಹೋಗಿ ಇದನ್ನೇ ಹೇಳ್ತೀನಿ. ಅವರು ಒಪ್ತಾರೆ."

ಸುಮ್ಮನಿದ್ದರೆ ಮುಗಿಯಿತು, ಈಗ ಹೇಳಬೇಕು. ಹೇಳಿದೆ.

"ಅತ್ತೆ ಗಂಟಿನಿಂದ ಎಳ್ಕೊಂಡ್ರು. ನಾನು ಅವರ ಕೈಯಿಂದ ತಗೊಂಡೆ. ಅತ್ತೇದು ಬರೀ ಸೀರೆ. ನಂದು ಉಡಿಕೆ."

"ಅವನು ಬರದೇ ಇದ್ರೆ?"

"ಬರದೇ ಇದ್ರೆ ಇಲ್ಲೇ ಬೇಳೆ ಆರಿಸ್ತೀನಿ. ಬಾಳೆಹೊನ್ನೂರಿಗೆ ಹೋಗಲ್ಲ ಅಣ್ಣ."

ಅತ್ತೆ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು. ಕಡೆಗೆ ಅಂದರು: "ಹುಡುಗಿ ಹೇಳೋದು ಸರಿ ವೀರಪ್ಪ. ನಂದು ನಾನೇ ಎಳ್ಕೊಂಡಿದ್ದು."

ಹಿತ್ತಲಿಗೆ ಹೋಗಿ ಕೂತೆ. ಅಳು ಬಂತು. ಆ ಮನುಷ್ಯನ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೆ?

೫ ಡಿಸೆಂಬರ್, ಭಾನುವಾರ

ಬಂದರು! ಗಂಟಿಲ್ಲದೆ, ಬರಿಗೈಯಲ್ಲಿ.

ಅಂಗಡಿಯ ಮೆಟ್ಟಿಲ ಕೆಳಗೇ ನಿಂತು ಅಣ್ಣನಿಗೆ ಕೈ ಮುಗಿದರು. ದೊಡ್ಡ ಮನೆಯ ಸಂಬಂಧ ನನ್ನಿಂದ ಕೆಟ್ಟಿತು, ಮುಖ ತೋರಿಸಲು ಧೈರ್ಯ ಬರಲಿಲ್ಲ, ಬೇಕಾದರೆ ಬಾಳೆಹೊನ್ನೂರಿಗೆ ನಾನೇ ಹೋಗಿ ತಪ್ಪು ನನ್ನದು ಅಂತ ಹೇಳುತ್ತೇನೆ — ಅಂತೆಲ್ಲ. ಅಣ್ಣ ಉತ್ತರ ಕೊಡುವ ಮೊದಲೇ ನಾನು ಬಾಗಿಲಿಗೆ ಬಂದೆ.

"ಮೇಲೇ ಬಿಳಿ ಸೀರೆ ಇತ್ತಲ್ಲ. ಅದನ್ನ ಯಾಕೆ ಕೊಡ್ಲಿಲ್ಲ?"

ನೆಲ ನೋಡಿದರು. "ಕೈ ಬರ್ಲಿಲ್ಲ. ನೀವು ಅಷ್ಟು ನಗ್ತಾ ಇದ್ರಿ. ಅಷ್ಟು ನಗೋರಿಗೆ ಬಿಳಿ ಕೊಡ್ಲಾ?"

"ಹಸಿರು ಕೊಟ್ರೆ ಏನಾಗುತ್ತೆ ಅಂತ ಗೊತ್ತಿರ್ಲಿಲ್ವಾ?"

"ಕೊಡೋವಾಗ ಹೊಳೀಲಿಲ್ಲ. ಆಚೆ ಹಳ್ಳಿ ದಾರೀಲಿ ಹೊಳೀತು. ಹೊಳೆದ್ಮೇಲೆ... ಬೇಜಾರೇ ಆಗ್ಲಿಲ್ಲ ನಂಗೆ. ಅದಕ್ಕೇ ಹೆದ್ರಿಕೆ ಆಯ್ತು."

ಅಣ್ಣ ತಕ್ಕಡಿಯನ್ನು ಒರೆಸಿದ್ದೇ ಒರೆಸಿದ. "ಹಾಗಾದ್ರೆ ಈಗ ಕೇಳಿ. ನನ್ನನ್ನೇ ಕೇಳಿ" ಅಂದೆ. ಕೇಳಿದರು. ಪೇಟೆ ಬೀದಿಯಲ್ಲಿ, ಎಲ್ಲರ ಎದುರು, ಆ ದೊಡ್ಡ ಕಿವಿ ಕೆಂಪಾಗಿಸಿಕೊಂಡು.

ಒಂದೇ ಷರತ್ತು ಹಾಕಿದೆ: ಕತ್ತಲಲ್ಲಿ ಬರುವುದಿಲ್ಲ, ಹಿಂಬಾಗಿಲಲ್ಲಿ ಬರುವುದಿಲ್ಲ. ಅವರಿಗೆ ಆಶ್ಚರ್ಯ. "ನಾನು ಕೊಟ್ಟಿದ್ದು ಬೆಳಕಲ್ಲೇ ಅಲ್ವಾ?"

೧೩ ಡಿಸೆಂಬರ್, ಸೋಮವಾರ. ಬೆಳಿಗ್ಗೆ

ಅಂಗಳಕ್ಕೆ ಬಿಸಿಲು ಬಂದಿದೆ. ಮುಂಬಾಗಿಲು ಪೂರ್ತಿ ತೆರೆದಿದೆ. ಇಡೀ ವಾರ ಅಣ್ಣನದು ಒಂದೇ ರಾಗ — ಊರು ಏನನ್ನುತ್ತೆ, ಹಗಲು ಉಡಿಕೆ ಯಾರು ಕಂಡಿದಾರೆ. ಅತ್ತೆ ಒಂದೇ ಮಾತಲ್ಲಿ ಮುಗಿಸಿದರು: "ದೇವರೇ ಹಗಲಲ್ಲಿ ಮಾಡಿಸಿದ್ದನ್ನ ನೀನು ಯಾಕೋ ಕತ್ತಲಿಗೆ ಎಳೀತೀಯ?" ಈಗ ಅಣ್ಣನೇ ಅಂಗಡಿ ಮುಚ್ಚಿ ಅಂಗಳ ಗುಡಿಸುತ್ತಿದ್ದಾನೆ. ಗುಡಿಸಲು ಬರುವುದಿಲ್ಲ ಅವನಿಗೆ. ಬೀದಿಯ ಕೆಲವರು ಬಾಗಿಲು ಹಾಕಿಕೊಂಡಿದ್ದಾರೆ. ಕೆಲವರು ಬಂದು ಜಗಲಿಯಲ್ಲಿ ಕೂತಿದ್ದಾರೆ. ಶಾಂತವೀರಪ್ಪನವರೂ ಬಂದಾಯಿತು, ದನಿ ಕೇಳಿಸುತ್ತಿದೆ.

ಬಳೆ ತೊಡಿಸಿ ಕುಂಕುಮ ಇಡುವುದು ಅತ್ತೆ. ಗಂಡನಿಲ್ಲದ ಹೆಂಗಸೇ ಇಡಬೇಕು. ಮುತ್ತೈದೆಯ ಕೈ ತಾಗಿದರೆ ಅವಳ ಗಂಡನಿಗೇ ಕೆಡುಕು ಅನ್ನುತ್ತಾರೆ. ಅತ್ತಿಗೆ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ನಿಜವಾಗಿ ಹೆದರಿದ್ದಾಳೆ ಪಾಪ. ನೀನು ಅಡಿಗೆಮನೆಯಲ್ಲೇ ಇರು, ನನಗೇನೂ ಬೇಜಾರಿಲ್ಲ ಅಂತ ನಾನೇ ಹೇಳಿದೆ. ಬೇಜಾರಿದೆ. ಈ ಮನೆಯಲ್ಲಿ ನನ್ನ ಜೊತೆ ನಗುವವಳು ಅವಳೊಬ್ಬಳೇ.

ಅತ್ತೆ ಬರುವ ತನಕ ಬರೆಯೋಣ ಅಂತ ಕೂತೆ. ಬರುತ್ತಿದ್ದಾರೆ —

ಬಳೆಯ ಸದ್ದು. ಅತ್ತೆಯ ಕೈಯಲ್ಲಿ ಬಳೆ ಇಲ್ಲ.

ಅತ್ತಿಗೆ. ಕುಂಕುಮದ ಬಟ್ಟಲು ಹಿಡಿದು ಎದುರಿಗೇ ನಿಂತಿದ್ದಾಳೆ. ಹಿಂದೆ ಅಣ್ಣ, ಪೊರಕೆ ಇನ್ನೂ ಕೈಯಲ್ಲೇ ಇದೆ. ಬೇಡ ಅನ್ನಲಿಲ್ಲ ಅವನು. "ಬರೆದಿದ್ದು ಸಾಕು ದಾಕ್ಷಾಯಣಿ, ಮುಖ ಎತ್ತು" ಅನ್ನುತ್ತಿದ್ದಾಳೆ. ಬೆರಳನ್ನು ಆಗಲೇ ಕುಂಕುಮಕ್ಕೆ ಅದ್ದಿದ್ದಾಳೆ. ಎತ್ತುತ್ತೇನೆ, ಇದೊಂದು ಸಾಲು —